ಆಯಿ ಕೊಟ್ಟ ಬಳುವಳಿ

ಕೋವಿಡ್ ಅಡಗಿದ ಮರುವರ್ಷ. ವಿಜಯಪುರದ ಅಥಣಿ ರಸ್ತೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಬಂಜೆತನ ಚಿಕಿತ್ಸಾ ವಿಭಾಗದ ಮುಖ್ಯಸ್ಥೆ. ವಿಭಾಗವೆಂದರೆ ನಾನು, ಒಬ್ಬ ನರ್ಸ್ ಮತ್ತು ಮನಸ್ಸು ಬಂದಾಗ ನಡೆಯುವ ಸ್ಕ್ಯಾನಿಂಗ್ ಯಂತ್ರ. ಮುಖ್ಯಸ್ಥೆಯ ಮಾತನ್ನು ಈ ಮೂವರಲ್ಲಿ ಯಾರೂ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಿಡೋಣಿಯಿಂದ ಇಪ್ಪತ್ತಾರರ ರೇಣುಕಾ ಬಂದಳು. ಮದುವೆಯಾಗಿ ಐದು ವರ್ಷ, ಮಕ್ಕಳಿಲ್ಲ; ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿತ್ತು. ಜೊತೆಗೆ ಅತ್ತೆ ಗೌರವ್ವ. ನಮ್ಮ ಕಡೆಯ ರೂಢಿಯಂತೆ ಸೋದರಮಾವನಿಗೇ ಕೊಟ್ಟ ಮದುವೆ. ಹಾಗಾಗಿ ಅತ್ತೆಯೇ ತಾಯಿಯ ತಾಯಿ, ರೇಣುಕಾಳ ಬಾಯಲ್ಲಿ 'ಆಯಿ'.

"ಬಾಯಾರ, ಈಕಿಗೆ ಕೂಸ ಆಗತೈತೋ ಇಲ್ಲೋ ಹೇಳಿಬಿಡ್ರಿ," ಎಂದಳು ಗೌರವ್ವ. "ಆಗಂಗಿಲ್ಲಂದ್ರ ಈಕಿ ತಂಗಿ ಶೋಭಾನ್ನ ತಂದು ನನ್ನ ಮಗಗ ಕಟ್ಟತೇನಿ."

"ಕಾಯ್ದೆ ಒಪ್ಪೂದಿಲ್ಲವ್ವ."

"ಕಾಯ್ದೇಕ್ಕೇನ ಮೊಮ್ಮಕ್ಕಳ ಬೇಕಾಗ್ಯಾವೇನ್ರಿ?"



ಹೆಣ್ಣು ತನ್ನ ಅಂಡಾಣುಗಳ ದಾಸ್ತಾನನ್ನು ತಾಯಿಯ ಹೊಟ್ಟೆಯಿಂದಲೇ ಹೊತ್ತು ಬರುತ್ತಾಳೆ. ಆಮೇಲೆ ಹೊಸ ಸರಕು ಇಲ್ಲ. ವಯಸ್ಸಾದಂತೆ ಸಂಖ್ಯೆ ಕರಗುತ್ತದೆ, ಉಳಿದವುಗಳಲ್ಲಿ ಕ್ರೋಮೋಸೋಮ್‌ಗಳ ಹಂಚಿಕೆ ತಪ್ಪುವುದು ಹೆಚ್ಚುತ್ತದೆ. ಉಳಿಕೆಯನ್ನು ಅಂದಾಜಿಸುವ ಎ.ಎಂ.ಎಚ್. ರಕ್ತಪರೀಕ್ಷೆಯಲ್ಲಿ ರೇಣುಕಾಳದು ನಲವತ್ತೈದರ ಹೆಂಗಸಿನ ಮಟ್ಟ! ವರದಿ ಅದಲುಬದಲಾಗಿರಬೇಕೆಂದು ಮತ್ತೆ ರಕ್ತ ಕಳಿಸಿದೆ. ಮತ್ತೆ ಅದೇ ಉತ್ತರ.

ಇಷ್ಟು ಚಿಕ್ಕ ವಯಸ್ಸಿಗೆ ಹೀಗಾದರೆ ಮನೆತನದ ಜೀನನ್ನು ಶಂಕಿಸಬೇಕು. ತಾಯಿಯ ಮುಟ್ಟು ಎಂದಿಗೆ ನಿಂತಿತೆಂದು ಕೇಳಿದೆ. ಮೂವತ್ತಕ್ಕೇ ಆಕೆಯ ಗರ್ಭಕೋಶ ತೆಗೆದಿದ್ದರಂತೆ. ಹೊಟ್ಟೆನೋವೆಂದರೂ ಗರ್ಭಕೋಶ ತೆಗೆದುಕೊಡುವ ಔದಾರ್ಯ ನಮ್ಮ ವೃತ್ತಿಯಲ್ಲಿ ಉಂಟು. ಆ ಸಾಕ್ಷಿ ಹಾಗೆ ಹೋಯಿತು. ಏನೂ ತೋಚದೆ ಗೌರವ್ವನತ್ತ ತಿರುಗಿದೆ.

"ನಿಮ್ಮದು ಯಾವಾಗ ನಿಂತಿತವ್ವ?"

"ನಂದಾ? ಮೂವತ್ತೊಂದಕ್ಕ ನಿಂತ ಹೋತ್ ನೋಡ್ರಿ! ಪುಣ್ಯಾ ಮಾಡಿದ್ದೆ. ಹೊರಗ ಕೂಡೂದಿಲ್ಲ, ದೇವರ ಜಗಲಿ ಬಿಡೂದಿಲ್ಲ. ಓಣ್ಯಾಗಿನ ಹೆಂಗಸೂರೆಲ್ಲಾ ಹೊಟ್ಟಿಕಿಚ್ಚ ಪಡತಿದ್ರು."

ಸೊಸೆಯನ್ನು ಹಂಗಿಸಲು ಬಂದಾಕೆ ತನ್ನ ರೋಗವನ್ನೇ ವರವೆಂದು ಹಾಡುತ್ತಿದ್ದಳು.

ಮನೆಯವರೆಲ್ಲರ ರಕ್ತ ತರಿಸಿದೆ. ಎಫ್.ಎಂ.ಆರ್.1 ಎಂಬ ಜೀನಿನ ಒಂದು ತುಣುಕು ಮಿತಿಮೀರಿ ಮರುಕಳಿಸಿ ಉದ್ದವಾಗಿತ್ತು. ಅಂಥವರಲ್ಲಿ ಕೆಲವರ ಅಂಡಾಶಯ ಬೇಗ ಬರಿದಾಗುತ್ತದೆ. ಗೌರವ್ವ, ಆಕೆಯ ಮಗಳಾದ ರೇಣುಕಾಳ ತಾಯಿ, ರೇಣುಕಾ, ಎಲ್ಲರಲ್ಲೂ ಅದಿತ್ತು. ನಾನು ನಿಜವಾಗಿ ಬೆಚ್ಚಿದ್ದು ಕೊನೆಯ ವರದಿಗೆ: ಎರಡನೆಯ ಸೊಸೆಯಾಗಬೇಕಿದ್ದ ಇಪ್ಪತ್ತೆರಡರ ಶೋಭಾಳಲ್ಲೂ ಇತ್ತು, ಅವಳ ದಾಸ್ತಾನೂ ಆಗಲೇ ಇಳಿದಿತ್ತು. ರೇಣುಕಾಳ ಗಂಡ ಮಾತ್ರ ಪಾರಾಗಿದ್ದ.

ಗೌರವ್ವ ಸೆರಗಿನ ಅಂಚು ಹೊಸೆದಳು. "ಹಂಗಾರ, ಬಾಯಾರ, ಇದ ನನ್ನಿಂದ ಬಂದೈತಿ?"

"ಇದರಾಗ ಯಾರ ತಪ್ಪೂ ಇಲ್ಲವ್ವ."

ಅಲ್ಲಿಯವರೆಗೆ ತುಟಿ ಬಿಚ್ಚದ ರೇಣುಕಾ ತಲೆಯೆತ್ತಿದಳು. "ಮದವ್ಯಾಗ ನನಗ ಬಂಗಾರದ ಬೋರಮಾಳ ಸರ ಕೊಟ್ಟಾಗ ಓಣಿಗೆಲ್ಲಾ ಹೇಳಿದ್ದಿಯಲ್ಲಾ ಆಯಿ, ಇದನ್ನೂ ಹೇಳ ಬೇ."

ಆಯಿ ಹೇಳಲಿಲ್ಲ. ಆದರೆ ಎರಡನೆಯ ಮದುವೆಯ ಮಾತು ಅಂದಿಗೇ ಮುಗಿಯಿತು. ಶೋಭಾ ಬಿ.ಎಡ್. ಓದುತ್ತಲೇ ತನ್ನ ಅಂಡಾಣುಗಳನ್ನು ಘನೀಕರಿಸಿ ಇಡಿಸಿದಳು. ಅಪರಿಚಿತ ದಾನಿಯ ಅಂಡಾಣುವಿನಿಂದ ರೇಣುಕಾ ಮರುವರ್ಷ ಹೆತ್ತಳು. ಕೂಸನ್ನು ಮೊದಲು ಎತ್ತಿಕೊಂಡ ಗೌರವ್ವ, "ಥೇಟ್ ನನ್ನ ಮಾರಿನ," ಎಂದಳು. ಅರ್ಧ ಪಾಲು ಮಗನದೇ ಆದ್ದರಿಂದ ವಿಜ್ಞಾನದ ಪರವಾಗಿ ನಾನು ಸುಮ್ಮನಿದ್ದೆ.

ವೃತ್ತಿ ಕಲಿಸಿದ್ದು ಇಷ್ಟು: ಸೊಸೆಯ ಮೇಲೆ ಯಾರು ಎತ್ತರದ ದನಿಯಲ್ಲಿ ದೂರುತ್ತಾರೋ, ಮೊದಲು ಅವರ ಮುಟ್ಟು ನಿಂತ ವಯಸ್ಸು ಕೇಳಬೇಕು. ದೂರುವವರು ಗಂಡಸರಾದರೆ, ಅವರ ತಾಯಿಯದು.