ಡ್ರೈವರನ ದೋಸೆ

ನ್ಯಾಮತಿಯ ಬಸ್‌ಸ್ಟ್ಯಾಂಡಿನ ಎದುರಿಗೇ ನನ್ನ ಹೋಟೆಲು ಇತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನನ್ನ ಬೆಣ್ಣೆದೋಸೆಗಾಗಿ ಸವಳಂಗದಿಂದ ಸೈಕಲ್ ತುಳಿದುಕೊಂಡು ಬರುವವರಿದ್ದರು. ಕಾವಲಿಯ ಮುಂದೆ ನಾನೇ ನಿಲ್ಲುತ್ತಿದ್ದೆ. ಆ ಕೆಲಸದಲ್ಲಿ ಸುತ್ತಮುತ್ತ ನನಗೆ ಸರಿಸಾಟಿ ಇರಲಿಲ್ಲ. ಈ ವಯಸ್ಸಿನಲ್ಲಿಯೂ ಹಾಗೆ ಹೇಳಲು ಸಂಕೋಚವಿಲ್ಲ. ನನ್ನ ಸಂಕೋಚ ಬೇರೆಯದಕ್ಕೆ.

ಹೊನ್ನಾಳಿಯಿಂದ ಶಿವಮೊಗ್ಗಕ್ಕೆ ಹೋಗುವ ಖಾಸಗಿ ಬಸ್ಸು ನಮ್ಮ ಬಾಗಿಲಲ್ಲೇ ನಿಲ್ಲುತ್ತಿತ್ತು. ಅದಕ್ಕಾಗಿ ಡ್ರೈವರ್, ಕಂಡಕ್ಟರಿಗೆ ತಿಂಡಿ ಪುಕ್ಕಟೆ. ಎಲ್ಲ ಕಡೆಯೂ ಇದ್ದ ಪದ್ಧತಿ. ಡ್ರೈವರ್ ತಿಂದು ಏಳುವ ತನಕ ಬಸ್ಸು ಹೊರಡುವುದಿಲ್ಲ. ಪ್ರಯಾಣಿಕರು ಹೆಚ್ಚಿದ್ದ ದಿನ ನಾನು ಅವನ ದೋಸೆಯನ್ನು ಕಾವಲಿಯ ಅಂಚಿಗೆ ಸರಿಸಿ, ಮಿಕ್ಕವರಿಗೆಲ್ಲ ಮೊದಲು ಹುಯ್ಯುತ್ತಿದ್ದೆ. ಬಸ್ಸು ನಿಂತಷ್ಟೂ ನನಗೆ ವ್ಯಾಪಾರ.

“ಸ್ಟೇರಿಂಗ್ ಇರೋದು ಡ್ರೈವರ್ ಕೈಯಾಗಲ್ಲ, ಸಾವ್ಕಾರ್ರ ಕೈಯಾಗೆ ಐತೆ ನೋಡ್ರಪ್ಪ,” ಎಂದು ಊರವರು ಕಿಚಾಯಿಸಿದರೆ ನನಗೆ ಹೆಮ್ಮೆಯೇ ಆಗುತ್ತಿತ್ತು.

ಒಂದು ಸಂತೆಯ ದಿನ ಆ ಬಸ್ಸಿನಿಂದ ರೈತನೊಬ್ಬ ಮಗಳ ಜೊತೆ ಇಳಿದು ಬಂದ.

“ಸ್ವಾಮಿ, ಮಗಳಿಗೆ ಶಿವಮೊಗ್ಗದಾಗೆ ಇಂಟರ್‌ವ್ಯೂ ಐತ್ರಿ, ನರ್ಸ್ ಟ್ರೈನಿಂಗಿಂದು. ತಡ ಆದ್ರೆ ಒಳಗೇ ಬಿಡಂಗಿಲ್ಲಂತೆ. ಬಸ್ಸು ಈಗ್ಲೇ ಹೊರಡ್ತೈತಾ?”

“ಡ್ರೈವರ್ ತಿಂದ ಕೂಡ್ಲೇ ಯಜಮಾನ್ರೇ. ನೀವೂ ಒಂದು ದೋಸೆ ತಿನ್ರಿ.”

ಆತ ನಂಬಿ ಕುಳಿತ. ಹುಡುಗಿ ಮಾತ್ರ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಕಾವಲಿಯನ್ನೇ ನೋಡಿದಳು.

“ಅಣ್ಣಾ, ಆ ಅಂಚಿಂದು ಬೆಂದೈತಲ್ರಿ. ಡ್ರೈವರಿಗೆ ಕೊಟ್ಬಿಡ್ರಿ.”

“ಇನ್ನೂ ನರ್ಸ್ ಆಗಿಲ್ಲ ಕಣವ್ವಾ ನೀನು. ಈಗ್ಲೇ ನನ್ನ ಕಾವಲಿ ನಾಡಿ ಹಿಡಿಯಾಕೆ ಬಂದ್ಯಾ?”

ಇಡೀ ಹೋಟೆಲು ನಕ್ಕಿತು. ಅವಳು ಮುಖ ಕೆಂಪಗೆ ಮಾಡಿಕೊಂಡು ಬಸ್ಸಿನಲ್ಲಿ ಹೋಗಿ ಕುಳಿತಳು. ನಾನು ಮತ್ತೊಂದು ಸುತ್ತು ಹಿಟ್ಟು ಹುಯ್ದೆ.

ಸಂಜೆ ಅದೇ ಬಸ್ಸು ಹಿಂದಿರುಗಿತು. ಅಪ್ಪನೊಬ್ಬನೇ ಒಳಗೆ ಬಂದ.

“ಸ್ವಲ್ಪದ್ರಾಗೆ ತಪ್ಪೋಯ್ತು ಸ್ವಾಮಿ. ನಾವು ಹೋಗಾಕೂ ಅವ್ರು ಬಾಗಿಲು ಹಾಕಾಕೂ ಸರಿ ಹೋಯ್ತು. ಕೈ ಮುಗಿದ್ರೂ ತೆಗೀಲಿಲ್ಲ.”

ಮಾತಿನಲ್ಲಿ ಸಿಟ್ಟಿರಲಿಲ್ಲ. ತಡವಾದದ್ದು ಡ್ರೈವರನ ಹೊಟ್ಟೆಬಾಕತನದಿಂದ ಎಂದುಕೊಂಡಿದ್ದ. ಬೆಳಗ್ಗೆ ತಿಂದ ದೋಸೆಯನ್ನು ಹೊಗಳಿ ಎರಡು ಕಟ್ಟಿಸಿಕೊಂಡ. ಬಸ್ಸಿನ ಕಿಟಕಿಗೆ ಹೋಗಿ ಮಗಳ ಕೈಗೆ ಪೊಟ್ಟಣ ಕೊಡಲು ನೋಡಿದ.

“ಆ ಹೋಟ್ಲಿಂದು ನಂಗೆ ಬ್ಯಾಡಪ್ಪಾ,” ಎಂದಳು, ನನಗೂ ಕೇಳುವಷ್ಟು ಗಟ್ಟಿಯಾಗಿ.

ಅಪ್ಪನಿಗೆ ನಾಚಿಕೆಯಾಯಿತು. ಬಾಗಿಲಲ್ಲಿ ನಿಂತಿದ್ದ ನನ್ನತ್ತ ತಿರುಗಿ, “ತಪ್ಪು ತಿಳ್ಕಾಬ್ಯಾಡ್ರಿ ಸ್ವಾಮಿ, ಬೇಜಾರಾಗೆ ಐತೆ ಕೂಸು,” ಎಂದ.

ನಿಜ ಹೇಳಲು ಒಂದೇ ಮಾತು ಸಾಕಿತ್ತು. ನಾನು ದೊಡ್ಡ ಮನಸ್ಸಿನವನ ಹಾಗೆ, “ಇರ್ಲಿ ಬಿಡ್ರಿ, ಸಣ್ಣ ವಯಸ್ಸು,” ಎಂದೆ. ಮಗಳ ಪರವಾಗಿ ಅವನು ಕೇಳಿದ ಕ್ಷಮೆಯನ್ನು ನನಗೆ ಸಲ್ಲಬೇಕಾದದ್ದೆಂಬಂತೆ ಇಟ್ಟುಕೊಂಡೆ. ಕಿಟಕಿಯಲ್ಲಿ ಕುಳಿತ ಅವಳು ಅದನ್ನೆಲ್ಲ ಕೇಳಿಸಿಕೊಂಡಳು.