ಥಿಯೇಟರ್ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ

ಆರು ತಿಂಗಳ ಹಿಂದೆ ನನ್ನ ಹೊಟ್ಟೆ ಕೊಯ್ಯುವಾಗ ಡಾಕ್ಟರು ಯಾರ ಜೊತೆಗೋ ಮಾತಾಡುತ್ತಿದ್ದರು. ಆ ಯಾರೋ ಒಂದು ಸಲವೂ ಬಾಯಿ ಬಿಡಲಿಲ್ಲ.

ನನಗೆ ಪೂರ್ತಿ ಎಚ್ಚರವಿತ್ತು. ಹರ್ನಿಯಾ ಆಪರೇಷನ್ನು, ಜಮಖಂಡಿಯಲ್ಲಿ. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಜೋಮು ಹಿಡಿಸಿದ್ದರು. ಎದೆಯ ಮುಂದೆ ಹಸಿರು ಬಟ್ಟೆಯ ಪರದೆ. ಹಿಂದೊಮ್ಮೆ ಹೊಲಿದ ಜಾಗವೇ ಮತ್ತೆ ಬಿಚ್ಚಿಕೊಂಡಿದ್ದರಿಂದ ಕೆಲಸ ಸಲೀಸಲ್ಲ ಎಂದು ಮೊದಲೇ ಹೇಳಿದ್ದರು.

ಕೊಯ್ಯುತ್ತಿದ್ದವರು ಡಾ. ಶಿವಲೀಲಾ, ಬೀಳಗಿ ಕಡೆಯ ಅನಗವಾಡಿಯವರು. ಸರ್ಜನ್ ಆದ ಮೇಲೂ ಒಂದು ವರ್ಷದ ಫೆಲೋಶಿಪ್ ಮಾಡುತ್ತಿದ್ದರು. ಅಂದರೆ, ಕಠಿಣ ಆಪರೇಷನ್ನುಗಳನ್ನು ಕೈ ಪಳಗಿದ ಹಿರಿಯರೊಬ್ಬರ ಕಣ್ಣೆದುರೇ ಮಾಡಿ ಕಲಿಯುವುದು. ಆ ಹಿರಿಯರಿಗೆ ಗೈಡ್ ಅನ್ನುತ್ತಾರೆ. ಮೇಜಿನ ಆಚೆ ಬದಿಗೆ ಅವರು ನಿಂತಿರಬೇಕು. ಅದು ನಿಯಮ.

"ಇಲ್ಲಿಂದ ಬಿಡಿಸಲ್ರಿ, ಸರ್?" ಎಂದು ಶಿವಲೀಲಾ ಕೇಳುವುದು ಪರದೆಯಾಚೆಯಿಂದ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೇ "ಆತ್ರಿ ಸರ್" ಅನ್ನುತ್ತಿದ್ದರು. ಹೀಗೇ ನಾಲ್ಕೈದು ಸಲ. ಒಂದು ಸಲ ಮಾತ್ರ ಕೇಳಿದರು, ಸುಮ್ಮನಾದರು, ಆ ಸುಮ್ಮನಿರುವಿಕೆ ಮುಗಿಯಲೇ ಇಲ್ಲ. ತಲೆಯ ಹತ್ತಿರದ ಮಶೀನು ಕುಂಯ್ ಕುಂಯ್ ಅನ್ನುತ್ತಿತ್ತು. ಕೊನೆಗೆ ಕತ್ತರಿಯ ಸದ್ದು ಬಂತು. "ಆತ್ರಿ" ಬರಲಿಲ್ಲ.

ಗೈಡ್ ಸಾಹೇಬರದು ಮಾತು ಕಮ್ಮಿ ಇರಬೇಕು ಅಂದುಕೊಂಡೆ. ಗಾಯ ಮಾಯಿತು. ಮರೆತೆ.

ಹೋದ ವಾರ ಮತ್ತೆ ನೆನಪಾಯಿತು. ಈ ಫೆಲೋಶಿಪ್ ನೆಟ್ಟಗೆ ನಡೆದಿದೆಯೇ ಎಂದು ನೋಡುವ ಸಮಿತಿಯೊಂದಿದೆ. ಅದರಲ್ಲಿ ಡಾಕ್ಟರಲ್ಲದವರು ಒಬ್ಬರು ಇರಬೇಕಂತೆ. ಬನಹಟ್ಟಿಯಲ್ಲಿ ಕಾಲೇಜು ಮೇಷ್ಟ್ರಾದ ನನ್ನನ್ನು ಹಾಕಿಕೊಂಡರು. (ಅರ್ಹತೆ ಏನು ಎಂದು ಕೇಳಿದ್ದಕ್ಕೆ, ಕೊಯ್ಸಿಕೊಂಡ ಅನುಭವ ಇದೆಯಲ್ಲ ಅಂದರು.) ನಾವು ಮೂವರೂ ಸಹಿ ಹಾಕಿದರೆ ಶಿವಲೀಲಾಗೆ ಸರ್ಟಿಫಿಕೇಟು, ಅದೇ ಗೈಡ್ ಕೈಕೆಳಗೆ ಇನ್ನೆರಡು ಸೀಟು.

ಗೈಡ್ ಸಾಹೇಬರಿಗೆ ಎರಡು ಊರಲ್ಲಿ ಶಿಷ್ಯರು. ಬೆಳಿಗ್ಗೆ ಮುಧೋಳದ ಆಸ್ಪತ್ರೆಗೆ ಹೋದೆವು. (ಯಾವ ಆಸ್ಪತ್ರೆ ಅಂತ ಕೇಳಬೇಡಿ.) ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕಂದು ಬಣ್ಣದ ಕೊಲ್ಹಾಪುರಿ ಚಪ್ಪಲಿ ಇದ್ದವು. ಸಾಹೇಬರವು, ಒಳಗಿದ್ದಾರೆ ಅಂದರು ಅಲ್ಲಿಯವರು. ಪ್ರತಿ ಆಪರೇಷನ್ನೂ ಬರೆದಿಡುವ ಲಾಗ್‌ಬುಕ್ ತಿರುವಿದೆ. ನನ್ನ ಹೊಟ್ಟೆ ಕೊಯ್ದ ತಾರೀಖು ಕಣ್ಣಿಗೆ ಬಿತ್ತು. ಹೊತ್ತು ಮುಂಜಾನೆ ಹನ್ನೊಂದು. ಗೈಡ್: ಹಾಜರ್.

ಅದೇ ಹನ್ನೊಂದಕ್ಕೆ ನಾನು ಜಮಖಂಡಿಯಲ್ಲಿ ಮಲಗಿದ್ದೆನಲ್ಲ?

ಊಟ ಮುಗಿಸಿ ಜಮಖಂಡಿಗೆ ಬಂದೆವು. ಥಿಯೇಟರಿನ ಬಾಗಿಲಲ್ಲಿ ಕಂದು ಬಣ್ಣದ ಕೊಲ್ಹಾಪುರಿ ಚಪ್ಪಲಿ. ಲಾಗ್‌ಬುಕ್ಕಿನಲ್ಲಿ ನನ್ನ ಹೆಸರು, ಅದೇ ತಾರೀಖು, ಅದೇ ಹನ್ನೊಂದು ಗಂಟೆ. ಗೈಡ್: ಹಾಜರ್. ಕುರ್ಚಿಯಲ್ಲಿ ಕೂತಿದ್ದ ನನಗೆ ಬೆನ್ನಿನ ಸೂಜಿಯ ಜಾಗ ತಣ್ಣಗಾಯಿತು.

ಹಾಜರಿ ಬರೆಯುವ ಹಿರಿಯ ಸಿಸ್ಟರನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಸಾಹೇಬ್ರ ಚಪ್ಪಲಿ ಬಾಗಲದಾಗ ಅದಾವಂದ್ರ ಸಾಹೇಬ್ರು ಒಳಗ ಅದಾರಂತ ಬರೀತೀವ್ರಿ."

ಒಂದು ದಿನ ಅರ್ಜೆಂಟ್ ಫೋನ್ ಬಂದು ಸಾಹೇಬರು ಥಿಯೇಟರಿನ ರಬ್ಬರ್ ಚಪ್ಪಲಿಯಲ್ಲೇ ಕಾರು ಹತ್ತಿ ಹೋದರಂತೆ. ಅಂದಿನಿಂದ ಇವು ಇಲ್ಲೇ. ಮುಧೋಳದ ಬಾಗಿಲಲ್ಲಿರುವುದು ಇಂಥದೇ ಇನ್ನೊಂದು ಜೊತೆಯಂತೆ. ದೊಡ್ಡವರ ಚಪ್ಪಲಿ ಎತ್ತಿಡುವವರು ಯಾರು? ಕಸ ಹೊಡೆಯುವಾಕೆ ಸುತ್ತಲೂ ಹೊಡೆಯುತ್ತಾಳೆ. ಸಾಹೇಬರು ಯಾವಾಗಲೋ ಒಮ್ಮೆ ಬಂದು ಎಲ್ಲ ಪುಟಕ್ಕೂ ಸಹಿ ಮಾಡಿ ಹೋಗುತ್ತಾರೆ.

ನಗಬೇಡಿ. ನಮ್ಮ ಮಠಗಳಲ್ಲಿ ಅಜ್ಜಾರು, ಅಂದರೆ ಸ್ವಾಮಿಗಳು, ಲಿಂಗೈಕ್ಯರಾದ ಮೇಲೂ ಪಾದುಕೆ ಗದ್ದುಗೆಯ ಮೇಲಿರುತ್ತವೆ. ಅಜ್ಜಾರು ಇದ್ದಾರೆ ಅಂತಲೇ ನಾವು ನಡೆದುಕೊಳ್ಳುತ್ತೇವೆ. ನಾನೂ ಹಣೆ ಹಚ್ಚಿದವನೇ. ಆದರೆ ಅಜ್ಜಾರ ಹೆಸರಲ್ಲಿ ಯಾರೂ ಹೊಟ್ಟೆ ಕೊಯ್ಯುವುದಿಲ್ಲ. ಕಾಲೇಜಿನಲ್ಲಿ ಹುಡುಗರು ಪ್ರಾಕ್ಸಿ ಕೂಗುವುದನ್ನು ನೋಡಿದ್ದೇನೆ. ಚಪ್ಪಲಿ ಪ್ರಾಕ್ಸಿ ಕೂಗಿದ್ದು ಇದೇ ಮೊದಲು.

ಬಗ್ಗಿ ನೋಡಿದೆ. ಹಿಮ್ಮಡಿ ಊರುವ ಜಾಗದಲ್ಲಿ ಬೆರಳು ಮುಳುಗುವಷ್ಟು ಧೂಳು.

ಗೈಡ್ ಸಾಹೇಬರಿಗೆ ಫೋನ್ ಹಚ್ಚಿದೆ. ಸಿಟ್ಟಾಗಲಿಲ್ಲ. ಶಾಂತವಾಗಿ, "ನಾ ಯಾವಾಗ್ಲೂ ಅಲ್ಲೇ ಇರ್ತೇನಲ್ರಿ" ಅಂದರು. ಹಿಂದೆ ಕಾರಿನ ಹಾರ್ನ್ ಕೇಳುತ್ತಿತ್ತು. ಸುಳ್ಳು ಹೇಳುವವರ ದನಿ ಅದಲ್ಲ. ನಂಬಿದವರ ದನಿ. ನನಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಥಿಯೇಟರಿನ ಬಾಗಿಲಿಗೆ ದುಂಡನೆಯ ಗಾಜಿದೆ. ಇಣುಕಿದೆ. ಮೇಜಿನ ಮೇಲೆ ಯಾರೋ ಮಲಗಿದ್ದಾರೆ. ಶಿವಲೀಲಾ ಕೈ ನಿಲ್ಲಿಸಿ, ತಲೆ ಎತ್ತಿ, ಎದುರಿಗೆ ಏನೋ ಕೇಳಿದರು. ಎದುರಿಗೆ ಬರೀ ಬಿಳಿ ಗೋಡೆ. ಕಾದರು. ತಲೆಯಾಡಿಸಿದರು. ಮತ್ತೆ ಬಗ್ಗಿದರು. ಪಕ್ಕದ ನರ್ಸು ಕಣ್ಣೆತ್ತಿ ಸಹ ನೋಡಲಿಲ್ಲ.

ಶಿವಲೀಲಾ ಹೊರಗೆ ಬಂದ ಮೇಲೆ ಅವರನ್ನೇ ಕೇಳಿದೆ. ಕೈ ಒರೆಸಿಕೊಳ್ಳುತ್ತ ಹೇಳಿದರು. ಶುರುವಿನ ಎರಡು ತಿಂಗಳು ಸರ್ ನಿಂತು ಕಲಿಸಿದ್ದು ಖರೆ. ಬರುವುದು ನಿಂತ ಮೇಲೆ ಅವರು ಎದುರಿಗೆ ಇದ್ದಾರೆ ಅಂದುಕೊಂಡು ಕೇಳುವ ರೂಢಿಯಾಯಿತು. ಕೇಳಿದರೆ ಏನು ಹೇಳುತ್ತಿದ್ದರೋ ಅದು ಮನಸ್ಸಿಗೆ ಬರುತ್ತದೆ. ಯಾವಾಗಲೂ ಬಂದಿದೆ.

ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು.

"ನಿಮ್ಮ ಕೇಸಿನ್ಯಾಗ ಒಮ್ಮೆ ಉತ್ತರಾ ಬರಲಿಲ್ರಿ."

ಮತ್ತೇನು ಮಾಡಿದಿರಿ ಅಂದೆ.

"ನಿಂತೆ. ಆಮ್ಯಾಲೆ ತಿಳಿದಂಗ ಮಾಡಿದ್ನಿ."

ಸಹಿಯ ಕಾಗದ ಮುಂದೆ ಬಂತು. ಮಿಕ್ಕಿಬ್ಬರು ಸದಸ್ಯರು, ಹುಡುಗಿ ಚಲೋ ಇದ್ದಾಳೆ, ವರ್ಷ ಹಾಳು ಮಾಡಬೇಡಿ ಅಂದರು. ಚಲೋ ಇದ್ದಾಳೆ, ಖರೆ. ಅವಳ ಕೈಯಿಂದಲೇ ಎದ್ದು ಓಡಾಡುತ್ತಿದ್ದೇನೆ. ಆದರೆ ನಾಳೆ ಎರಡು ಸೀಟು ಹೆಚ್ಚಾದರೆ, ಇನ್ನೂ ಇಬ್ಬರು ಅದೇ ಗೋಡೆಯನ್ನು ಕೇಳುತ್ತಾರೆ. ಅವರಿಗೆ ನೆನಪಿಸಿಕೊಳ್ಳಲು ಎರಡು ತಿಂಗಳ ಪಾಠವಾದರೂ ಇರುತ್ತದೆಯೇ?

ಸಹಿ ಹಾಕಲಿಲ್ಲ. "ಗೈಡ್ ಇರಲಿಲ್ಲ, ನಾನಿದ್ದೆ" ಎಂದು ಬರೆದು ಕಾಗದ ಸರಿಸಿದೆ. ಸೀಟು ನಿಂತವು. ಶಿವಲೀಲಾ ಇನ್ನಾರು ತಿಂಗಳು ಬೇರೆ ಗೈಡ್ ಬಳಿ, ಎದುರಿಗೆ ಖುದ್ದು ನಿಲ್ಲುವವರ ಬಳಿ, ಕಲಿಯಬೇಕಂತೆ. ಹೊರಡುವಾಗ ಅವರು ನನ್ನತ್ತ ನೋಡಲಿಲ್ಲ. ಜೀವ ಉಳಿಸಿದವರ ಅನ್ನಕ್ಕೆ ಕಲ್ಲು ಹಾಕಿದೆನೇನೋ ಅನ್ನಿಸಿ ಕೆಡುಕೆನಿಸಿತು, ಈಗಲೂ ಅನ್ನಿಸುತ್ತದೆ.

ನಾನು ಆರಾಮಿದ್ದೇನೆ. ಕೆಮ್ಮಿದಾಗ ಮಾತ್ರ ಹೊಟ್ಟೆಯ ಎಡಕ್ಕೆ, ಒಂದೇ ಒಂದು ಕಡೆ, ಸಣ್ಣಗೆ ಸೆಳೆಯುತ್ತದೆ.

ಉತ್ತರ ಬಾರದ ಜಾಗ ಅದೇ ಇರಬಹುದೇ?