ಒಂದು ಕೂಸಿನ ಪೊಡಿ

ಜಿಲ್ಲೆ ಹೊಸದು. ಕಚೇರಿಗಳ ಬೋರ್ಡಿನ ಬಣ್ಣ ಇನ್ನೂ ಕೈಗಂಟುತ್ತಿದ್ದ ಕಾಲ. ಆಗ ನಮ್ಮ ಕಡೆ ಬರುತ್ತಿದ್ದ ಜೀಪುಗಳೆಲ್ಲ ನಮ್ಮನ್ನು ಉದ್ಧಾರ ಮಾಡಲೆಂದೇ ಬರುತ್ತಿದ್ದವು. ಅಂಥದೊಂದು ಜೀಪಿನಲ್ಲಿ ಪ್ರತಿ ಬುಧವಾರ ಒಬ್ಬ ಡಾಕ್ಟರರು ನಮ್ಮೂರು ತೃಶ್ಶಿಲೇರಿಗೆ ಬಂದು, ನಮ್ಮ ಮನೆಯ ಹಿಂದೆ ಖಾಲಿ ಬಿದ್ದಿದ್ದ ಭತ್ತದ ಕೋಣೆಯಲ್ಲಿ ಮಕ್ಕಳ ಕ್ಲಿನಿಕ್ ನಡೆಸುತ್ತಿದ್ದರು.

ಡಾಕ್ಟರರಿಗೆ ಗೊತ್ತಿದ್ದುದು ಮಲಯಾಳ. ಕಾಡಂಚಿನ ಆದಿವಾಸಿಗಳ ಹಾಡಿಯಿಂದ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದ ಹೆಂಗಸರ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ನಮ್ಮದು ಎಷ್ಟೋ ತಲೆಮಾರಿನ ಹಿಂದೆ ಮೈಸೂರು ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದ ಮನೆತನ. ಒಲೆಯ ಮುಂದೆ ಕನ್ನಡ, ಶಾಲೆಯಲ್ಲಿ ಮಲಯಾಳ. ಹಾಗಾಗಿ ಇಬ್ಬರ ನಡುವೆ ನಿಂತು ಆ ಕಡೆಯ ಮಾತನ್ನು ಈ ಕಡೆಗೆ ದಾಟಿಸುವ ಕೆಲಸ ನನಗೆ ಬಂತು. ಮನೆಯಲ್ಲಿ ಸುಮ್ಮನೆ ಜಗಳ ತೆಗೆಯುವುದಕ್ಕಿಂತ ಅಲ್ಲಿ ಹೋಗಿ ಮಾತಾಡಲಿ ಎಂದು ಅತ್ತೆಯೇ ಕಳಿಸಿದರು.

ಕ್ಲಿನಿಕ್ಕಿನ ಕ್ರಮ ಸರಳ. ತೊಲೆಗೆ ನೇತುಹಾಕಿದ ತೂಕದ ಯಂತ್ರಕ್ಕೆ ಮಗುವನ್ನು ಬಟ್ಟೆಯ ಜೋಲಿಯಲ್ಲಿ ಹಾಕುವುದು. ಮುಳ್ಳು ಕೆಂಪು ಗೆರೆಗಿಂತ ಕೆಳಗೆ ನಿಂತರೆ ಆ ಮಗುವಿಗೆ ಒಂದು ಪೊಟ್ಟಣ. ರಾಗಿ, ಹೆಸರುಕಾಳು, ಕಡಲೆಬೀಜ ಹುರಿದು ಪನಮರಂನ ಗಿರಣಿಯಲ್ಲಿ ಬೀಸಿಸಿ, ಬೆಲ್ಲ ಬೆರೆಸಿದ ಪುಡಿ. ಎಲ್ಲರೂ ಅದನ್ನು ಪೊಡಿ ಎನ್ನುತ್ತಿದ್ದರು. ಒಂದು ವಾರಕ್ಕೆ ಒಂದು ಮಗುವಿಗೆ ಒಂದು ಪೊಟ್ಟಣ. ಮುಳ್ಳು ಗೆರೆಗಿಂತ ಕೂದಲೆಳೆಯಷ್ಟು ಮೇಲಿದ್ದರೂ ಆ ಮಗುವಿಗೆ ಬರಿಗೈ.

ಆ ಕೂಸು ಬಂದದ್ದು ನಾಟಿಯ ಸಮಯದಲ್ಲಿ. ಹೆಣ್ಣುಮಗು. ಎರಡು ವರ್ಷ ತುಂಬಿದ್ದರೂ ನಿಲ್ಲಲು ತ್ರಾಣವಿಲ್ಲ. ಕೂದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು, ಪಾದಗಳು ಬಾತಿದ್ದವು. ಡಾಕ್ಟರರು ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಕುಳಿ ಹಾಗೇ ಉಳಿಯಿತು. “ಈ ಪೊಡಿ ಸರಿಯಾಗಿ ಹೊಟ್ಟೆಗೆ ಬಿದ್ದರೆ ಬದುಕುತ್ತದೆ. ಇಲ್ಲವಾದರೆ ಇಲ್ಲ” ಎಂದರು. ನಾನು ತಾಯಿಗೆ ಹಾಗೆಯೇ ಹೇಳಿದೆ. ಅವಳು ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಮುಂದಿನ ಬುಧವಾರ ಮುಳ್ಳು ಇದ್ದಲ್ಲೇ ಇತ್ತು. ಪೊಡಿ ಎರಡೇ ದಿನಕ್ಕೆ ಮುಗಿಯಿತಂತೆ. ಡಾಕ್ಟರರ ಮುಖ ಬಿಗಿಯಿತು.

“ಕಾಟಿಕುಳದ ಚಹದಂಗಡಿಗೆ ಮಾರಿದ್ದಾಳೆ. ಕೇಳು ಅವಳನ್ನ” ಎಂದರು ನನಗೆ.

ನನಗೆ ಪಿತ್ತ ನೆತ್ತಿಗೇರಿತು. ಕೇಳಲಿಲ್ಲ. “ನಾನೇ ಹೋಗಿ ನೋಡಿ ಬರ್ತೀನಿ ಸಾರೇ, ಆಮೇಲೆ ಕಳ್ಳಿ ಅನ್ನಿ” ಎಂದು ಎರಡನೆಯ ಪೊಟ್ಟಣ ಕೊಡಿಸಿಕೊಂಡು ಅವಳ ಹಿಂದೆಯೇ ಹಾಡಿಗೆ ನಡೆದೆ.

ಅಲ್ಲಿ ಕಂಡದ್ದು ಇಷ್ಟು. ಅವಳು ಗುಡಿಸಲ ಮುಂದೆ ದೊಡ್ಡ ಮಡಕೆಯಲ್ಲಿ ನೀರಿಟ್ಟಳು. ಹೊಗೆ ಕಂಡದ್ದೇ ತಡ, ಹಾಡಿಯ ಮಕ್ಕಳೆಲ್ಲ ಬಂದು ಸುತ್ತ ಕೂತವು. ಯಾರೂ ಕರೆದಿರಲಿಲ್ಲ, ಕರೆಯುವ ಪದ್ಧತಿಯೂ ಇಲ್ಲ. ಯಾವ ಒಲೆ ಹೊತ್ತಿದರೂ ಅದು ಎಲ್ಲ ಮಕ್ಕಳ ಒಲೆ. ಜೇನು ಸಿಕ್ಕರೂ ಅಷ್ಟೇ, ಗೆಣಸು ಸಿಕ್ಕರೂ ಅಷ್ಟೇ. ಪೊಡಿ ನೀರು ನೀರಾದ ಗಂಜಿಯಾಯಿತು. ಎಲ್ಲರಿಗೂ ಒಂದೊಂದು ಸೌಟು. ಬಾತ ಕಾಲಿನ ಕೂಸೂ ಪಂಕ್ತಿಯ ನಡುವೆ ಕೂತು, ಪಕ್ಕದ ಹುಡುಗಿಯ ಬಾಯಿ ನೋಡುತ್ತ, ಅವಳು ನುಂಗಿದಾಗ ತಾನೂ ನುಂಗುತ್ತಿತ್ತು.

“ಇದು ಇದರ ಔಷಧ ಕಣೇ. ಹಿಂಗೆ ಹಂಚಿದ್ರೆ ಇದಕ್ಕೇನು ಉಳೀತದೆ?” ಎಂದು ಗದರಿದೆ.

“ನೋಡ್ತಾ ಕೂತಿರೋ ಕೂಸುಗಳ್ ಮುಂದೆ ಒಂದ್ ಕೂಸಿಗೆ ಹೆಂಗ್ ಉಣ್ಸಾದು ಅಕ್ಕಾ?” ಎಂದಳು.

ನಮ್ಮ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡುವವರೂ ಇವರೇ. ಮಧ್ಯಾಹ್ನ ನಮ್ಮ ಅಡುಗೆಮನೆಯಿಂದ ಇವರಿಗೆ ಹೋಗುತ್ತಿದ್ದುದು ಅನ್ನ ಬಸಿದ ತಿಳಿ. ಅದನ್ನು ಕೊಟ್ಟು ನಾವು ಪುಣ್ಯವಂತರೂ ಆಗುತ್ತಿದ್ದೆವು. ತಾಯಂದಿರು ಕತ್ತಲಾಗುವವರೆಗೆ ನಮ್ಮ ಕೆಸರಿನಲ್ಲಿ, ಮಕ್ಕಳು ಬದುವಿನ ಮೇಲೆ. ಈ ಮಕ್ಕಳ ಕಾಲು ಯಾಕೆ ಬಾತಿದೆ ಎಂದು ಕೇಳಲು ಜೀಪಿನಲ್ಲಿ ಡಾಕ್ಟರರು ಬೇರೆ ಬರಬೇಕಿತ್ತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಬುಧವಾರ ಜೀಪು ನಿಲ್ಲುವ ಮೊದಲೇ ಹೋಗಿ ನಿಂತೆ. “ಯಾರೂ ಮಾರಿಲ್ಲ ಸಾರೇ. ಎಲ್ಲ ಮಕ್ಕಳಿಗೂ ಹಂಚಿದ್ದಾಳೆ. ನೀವು ಹಾಡಿಯಲ್ಲೇ ಒಂದು ಪಾತ್ರೆ ಇಡಿ, ಎಲ್ಲರಿಗೂ ಆಗುವಷ್ಟು ಪೊಡಿ ಕೊಡಿ. ಎಲ್ಲರ ಜೊತೆ ಕೂತರೆ ಆ ಕೂಸೂ ಉಣ್ಣುತ್ತೆ.”

“ಉಳಿದವರು ಗೆರೆಯ ಮೇಲಿದ್ದಾರಲ್ಲ” ಎಂದರು.

“ಗೆರೆಯ ಕೆಳಗೆ ಬೀಳೋವರೆಗೂ ಕಾಯಬೇಕಾ?”

“ಇದು ಚಿಕಿತ್ಸೆ. ಸಮಾರಾಧನೆ ಅಲ್ಲ.”

ಈ ಮಾತಿಗೆ ಅವರ ಜೊತೆ ಬಂದಿದ್ದ ಡ್ರೈವರ್ ನಕ್ಕ. ಡಾಕ್ಟರರೂ ಸಣ್ಣಗೆ ನಕ್ಕರು. ಆಮೇಲೆ, ಅಷ್ಟರಲ್ಲಿ ಕೂಸನ್ನೆತ್ತಿಕೊಂಡು ಬಂದು ನಿಂತಿದ್ದ ತಾಯಿಯ ಕಡೆ ಬೆರಳು ತೋರಿಸಿ, ಇನ್ನು ಮುಂದೆ ಬಾಗಿಲು ಹಾಕಿಕೊಂಡು ಆ ಮಗುವಿಗೆ ಮಾತ್ರ ತಿನ್ನಿಸುತ್ತೇನೆಂದು ಮಾತು ಕೊಟ್ಟರಷ್ಟೇ ಪೊಟ್ಟಣ, ಇಲ್ಲದಿದ್ದರೆ ಇವತ್ತಿಗೇ ಬಂದ್ ಎಂದರು. ಬಂದ್ ಎಂದರೆ ಕೂಸಿನ ಕಥೆ ಮುಗಿಯಿತೆಂದು ಅವಳಿಗೂ ಗೊತ್ತಿತ್ತು. ಬಗ್ಗಿ ನೆಲ ಮುಟ್ಟಿ ಮಾತು ಕೊಟ್ಟಳು. ಅವರಲ್ಲಿ ಮಣ್ಣು ಮುಟ್ಟಿ ಕೊಟ್ಟ ಮಾತನ್ನು ಯಾರೂ ಮುರಿಯುವುದಿಲ್ಲ. ನಮ್ಮ ಪೈಕಿಯವರು ಸರ್ಕಾರಿ ಕಾಗದಕ್ಕೆ ರುಜು ಹಾಕಿಯೂ ಮುರಿಯುತ್ತಾರೆ, ಆ ವಿಷಯ ಬೇರೆ.

ಮತ್ತೊಂದು ಬುಧವಾರ ಅವಳು ಬಂದಾಗ ಸೊಂಟದ ಮೇಲೆ ಕೂಸು ಇರಲಿಲ್ಲ. ಸೆರಗಿನಲ್ಲಿ ಪೊಟ್ಟಣ ಇತ್ತು. ಹಿಂದೆ ಹಾಡಿಯ ಮಕ್ಕಳು ಸುಮ್ಮನೆ ಬಂದು ನಿಂತಿದ್ದವು. ಜ್ವರ ಬಂತಂತೆ, ನಿನ್ನೆ ಕೂಸು ಹೋಯಿತಂತೆ. ಇನ್ನೂ ಏನೋ ಹೇಳಲು ಹೊರಟವಳು ಡಾಕ್ಟರರ ಮುಖ ನೋಡಿ ನಿಲ್ಲಿಸಿ, ಪೊಟ್ಟಣವನ್ನು ಮೇಜಿನ ಮೇಲಿಟ್ಟಳು.

ಡಾಕ್ಟರರು ಅದನ್ನು ಬಿಚ್ಚಿ ನೋಡಿದರು. ಮುಕ್ಕಾಲು ಭಾಗ ಹಾಗೇ ಇತ್ತು.

“ನೋಡು, ತಿನ್ನಿಸಿಯೇ ಇಲ್ಲ” ಎಂದರು ನನಗೆ. “ಮೊದಲು ಹಂಚಿದಳು, ಈಗ ಇಟ್ಟುಕೊಂಡಳು. ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ. ಅದನ್ನು ಒಳಗಿಡು, ಬೇರೆ ಮಗುವಿಗಾಗುತ್ತದೆ.”

ನಾನು ಒಳಗಿಡಲಿಲ್ಲ. ಪೊಟ್ಟಣ ಕಿತ್ತುಕೊಂಡು ಸೀದಾ ಮನೆಯ ಹಿತ್ತಿಲಿಗೆ ಹೋದೆ. ಬಚ್ಚಲೊಲೆಯ ಬೆಂಕಿಯನ್ನು ಹೊರಕ್ಕೆ ಎಳೆದು, ನಮ್ಮ ಮನೆಯ ಹಬ್ಬದ ಪಾತ್ರೆಯನ್ನೇ ಇಟ್ಟೆ. ಅತ್ತೆ ಬಾಗಿಲಿಗೆ ಬಂದು “ಆ ಪಾತ್ರೆ ಮುಟ್ಟಬೇಡ” ಎಂದರು. “ಮುಟ್ಟಿ ಆಯಿತು, ಇನ್ನೇನು ಮಾಡ್ತೀರಿ?” ಎಂದೆ. ಪೊಡಿ ಪೂರ್ತಿ ಸುರಿದೆ. ಸಾಲದ್ದಕ್ಕೆ ಮನೆಯ ರಾಗಿ ಹಿಟ್ಟು, ಬೆಲ್ಲ ತಂದು ಹಾಕಿದೆ. ಹೊಗೆ ಎದ್ದದ್ದೇ ಮಕ್ಕಳು ಬಂದು ಸುತ್ತ ಕೂತವು. ಸೌಟನ್ನು ಅವಳ ಕೈಗೆ ಕೊಟ್ಟೆ.

ಬಡಿಸುತ್ತ ಬಡಿಸುತ್ತಲೇ ಅವಳು ನನಗೆ ಹೇಳಿದಳು.

“ಒಳಗ್ ಕೂರ್ಸಿ ಬಾಗ್ಲು ಮುಚ್ಚಿ ಉಣ್ಸಾಕ್ ನೋಡ್ದೆ ಅಕ್ಕಾ. ಬಾಯೇ ತೆಗೀನಿಲ್ಲ. ಹೊರಗಿನ ಕೂಸುಗಳ್ ಕಡೆ ಕೈ ತೋರ್ಸಿ ತೋರ್ಸಿ ಅಳ್ತು. ಒಂದೇ ಕೂತ್ಕಂಡು ಉಣ್ಣಾದು ಅದಕ್ಕೆ ಗೊತ್ತಿರ್ನಿಲ್ಲ.”

ಡಾಕ್ಟರರು ಜೀಪು ಹತ್ತುವವರಿದ್ದರು. “ಏನಂತೆ?” ಎಂದು ಕೇಳಿದರು. ಅವರ ಮುಖ ನೋಡಿಕೊಂಡೇ, ಒಂದಕ್ಷರ ಬಿಡದೆ ಮಲಯಾಳದಲ್ಲಿ ಹೇಳಿದೆ. ಕೇಳಿಸಿಕೊಂಡು ಹೋದರು. ಮುಂದಿನ ಬುಧವಾರ ಜೀಪಿನಿಂದ ಇಳಿದದ್ದು ಅದೇ ಪೊಟ್ಟಣಗಳು, ಒಂದು ಕೂಸಿಗೆ ಒಂದರಂತೆ.